ಅಳತೆ ಪುಸ್ತಕ

ಹರಿಹರದ ರಸ್ತೆಯಲ್ಲಿ, ಹಳೇ ಹತ್ತಿ ಗೋದಾಮಿನ ಹಿಂದೆ
ನಾವು ಕಾಲು ಮಾಡುತ್ತಿದ್ದೆವು.
ಮಾಡುತ್ತಿದ್ದವನು ಖಲಂದರ್. ನಾನು ಬರೀ ಲೆಕ್ಕದವಳು:
ರಬ್ಬರು, ರಾಳ, ತೊಗಲು, ಮೊಳೆ,
ತಿಂಗಳಿಗೆ ಎಷ್ಟು ಎಡ, ಎಷ್ಟು ಬಲ.

ಹಣ ಬರುತ್ತಿದ್ದದ್ದು ಸಮುದ್ರದಾಚೆಯಿಂದ.
ಆ ದೇಶದ ಹೆಸರು ಇಪ್ಪತ್ತು ವರ್ಷವಾದರೂ
ಖಲಂದರನ ನಾಲಿಗೆಗೆ ಹತ್ತಲಿಲ್ಲ.
'ಚಳಿ ಊರು' ಅನ್ನುತ್ತಿದ್ದ. ಒಮ್ಮೆ ಅಲ್ಲಿಂದ ಬಂದ ಪೆಟ್ಟಿಗೆಯಲ್ಲಿ
ಉಣ್ಣೆಯ ಕಾಲುಚೀಲಗಳಿದ್ದವು,
ಜೊತೆಯಲ್ಲ, ಒಂಟಿ ಒಂಟಿ.
ಯಾರೋ ಕೂತು, ಯೋಚಿಸಿ, ಹೆಣೆದದ್ದು.

ಕಾಗದ ಬಂದದ್ದು ಮಂಗಳವಾರ.
ನೋಂದಣಿ ರದ್ದು. ಕಾರಣ, ಸಾರ್ವಜನಿಕ ಹಿತ.
ಬ್ಯಾಂಕಿನ ಮ್ಯಾನೇಜರು ಕಣ್ಣು ತಪ್ಪಿಸಿ
'ನಿಮ್ಮ ಖಾತೆ ನಿಂತಿದೆ' ಅಂದರು.
ಕಾಲಿಲ್ಲದ್ದೂ ನಿಲ್ಲುತ್ತದೆ ಅಂತ
ಅವತ್ತು ಗೊತ್ತಾಯಿತು ನನಗೆ.

ಒಪ್ಪಿಕೊಳ್ಳುತ್ತೇನೆ, ಲೆಕ್ಕದವಳು ಸುಳ್ಳಾಡಬಾರದು:
ಎರಡು ವರ್ಷದ ವರದಿ ತಡವಾಗಿತ್ತು.
ದಿಲ್ಲಿಯ ದೊಡ್ಡ ಆಫೀಸಿನವರು
ಕಾಲಿನ ಬಾಬ್ತಿನಲ್ಲಿ ಜೀಪು ಕೊಂಡಿದ್ದರು.
ಕೇಳಲಿ, ಕೇಳಬೇಕಾದದ್ದೇ.
ಜೀಪು ಈಗಲೂ ದಿಲ್ಲಿಯಲ್ಲಿ ಓಡಾಡುತ್ತಿದೆ.

ಸಂಜೆ ಮಿರ್ಚಿ ಕಟ್ಟಿಕೊಟ್ಟ ಪೇಪರಿನಲ್ಲಿ
ನಮ್ಮದೇ ಸುದ್ದಿ, ಎಣ್ಣೆ ಕುಡಿದು ಅರ್ಧ ಕಾಣುವಂತೆ.
ಆ ದೇಶದ ರಾಯಭಾರಿ 'ತೀವ್ರ ಕಳವಳ' ವ್ಯಕ್ತಪಡಿಸಿದರಂತೆ.
ನಮ್ಮ ವಕ್ತಾರರು 'ಇದು ಆಂತರಿಕ ವಿಷಯ' ಅಂದರಂತೆ.
ಮುಂದಿನ ಸಾಲು ಮೆಣಸಿನಕಾಯಿಗೆ ಅಂಟಿ ಹರಿದಿತ್ತು.
ಮಂಡಕ್ಕಿ ಬಾಯಿಗೆ ಎಸೆದುಕೊಳ್ಳುತ್ತ ಖಲಂದರ್ ಕೇಳಿದ,
'ತೀವ್ರ ಅಂದ್ರೆ ಎಷ್ಟು, ಮೇಡಂ?'
ಅವನಿಗೆ ಎಲ್ಲವೂ ಸೆಂಟಿಮೀಟರಿನಲ್ಲೇ ಬೇಕು.

ದೂತಾವಾಸದಿಂದ ಒಬ್ಬಾಕೆ ಬಂದಳು.
ಕಾಲು ತೊಡಿಸಿ ನೋಡುವ ಕುರ್ಚಿಯಲ್ಲೇ ಕೂತು
ಟಿಪ್ಪಣಿ ಮಾಡಿಕೊಂಡಳು, ಎರಡು ಲೋಟ ಚಹಾ ಕುಡಿದಳು.
ಮಾರ್ಚಿನ ಮಾತುಕತೆಯಲ್ಲಿ ಅವರ ಮಂತ್ರಿ
ವಿಷಯ ಎತ್ತುತ್ತಾರಂತೆ. ಎತ್ತಬಹುದು, ಎತ್ತದಿರಬಹುದು,
ಅದೇ ವಾರ ವಿಮಾನದ ವ್ಯಾಪಾರವೂ ಇದೆ.
ಏಳುವಾಗ ಗೂಟದಲ್ಲಿದ್ದ ಒಂಟಿ ಕಾಲುಚೀಲ ಕಂಡು ನಿಂತಳು.
'ಈ ಹೆಣಿಗೆ ನಮ್ಮಜ್ಜಿಯ ಊರಿನದು.'
ಮುಟ್ಟಿದಳು. ಅದನ್ನು ಮಾತ್ರ ಬರೆದುಕೊಳ್ಳಲಿಲ್ಲ.

ಸೀಲು ಹಾಕಲು ಬಂದ ಗುಮಾಸ್ತ
ಗೋಡೆಯುದ್ದ ಜೋಡಿಸಿದ ಪ್ಲಾಸ್ಟರು ಅಚ್ಚುಗಳನ್ನು ನೋಡಿ
'ಇವೆಲ್ಲ ವಿದೇಶಿ ಸಾಮಾನಾ?' ಅಂದ.
'ಇಲ್ಲ ಸಾರ್. ಇದು ಮಾಯಕೊಂಡ.
ಇದು ಚನ್ನಗಿರಿ. ಇವೆರಡೂ ಆನಗೋಡು, ಅಣ್ಣತಮ್ಮ.'
ಅವನು ಪಟ್ಟಿಯಲ್ಲಿ ಬರೆದ: ಸುಣ್ಣದ ವಸ್ತುಗಳು, ಇತರೆ.

ಗುರುವಾರ ಜಗಳೂರು ಬಸ್ಸಿಗೆ ಉಚ್ಚಂಗೆಮ್ಮ ಬಂದಳು,
ಮಗಳು ಅಮೂಲ್ಯ ಹಿಂದೆ, ಕುಂಟುತ್ತ.
ಮೆಕ್ಕೆಜೋಳದ ಮಿಷನ್ನು ಕಾಲು ತಿಂದಾಗ ಐದು, ಈಗ ಒಂಬತ್ತು.
ಅಳತೆ ಪುಸ್ತಕದಲ್ಲಿ ಅವಳದೇ ನಾಲ್ಕು ಪುಟ:
ಗುಲಾಬಿ ಬಣ್ಣ ಬಳಿಸಿಕೊಂಡ ಕಾಲು,
ಬಣ್ಣ ಬೇಡ, ಎಲ್ಲರಂಥದ್ದೇ ಕೊಡಿ ಅಂದ ಕಾಲು.
ಈ ಸಲ ಮೂರೂವರೆ ಗಿಡ್ಡ. ಸೊಂಟ ವಾಲಿತ್ತು.

'ಆಫೀಸು ಮುಚ್ಚ್ಯಾರಂತೆ, ಗೊತ್ತೈತಿ,' ಅಂದಳು ತಾಯಿ.
'ಇವಳಿಗೂ ಹೇಳ್ದೆ,
ಸ್ವಲ್ಪ ದಿನ ಬೆಳೀಬ್ಯಾಡ ಅಂತ.
ಕೇಳಂಗಿಲ್ಲ ನೋಡ್ರಿ.'

ಸೀಲು ಮುಂಬಾಗಿಲಿಗೆ.
ಖಲಂದರ್ ಅವರನ್ನು ತನ್ನ ಮನೆಯ ಜಗುಲಿಗೆ ಕರೆದೊಯ್ದ,
ಬೇವಿನ ತುಂಡೊಂದನ್ನು ಉಜ್ಜಿದ, ಕೊರೆದ,
ಹಳೇ ಕಾಲಿನ ಬುಡಕ್ಕೆ ಬಿಗಿದ. ಕತ್ತಲಾಯಿತು.

'ಟಕ್ ಟಕ್ ಅಂತೈತಿ,' ಅಂದಳು ಹುಡುಗಿ, ಸಿಟ್ಟಿನಿಂದ.
'ಕ್ಲಾಸಿನಾಗೆ ಎಲ್ರೂ ತಿರುಗಿ ನೋಡ್ತಾರೆ.'
ಖಲಂದರ್ ಟೈರಿನ ಚೂರು ಹುಡುಕಲು ಒಳಗೆ ಹೋದ.

ನಾನು ಪುಸ್ತಕ ತೆರೆದೆ. ಯಾವ ಬಾಬ್ತು?
ಆ ಕಾಲಂ ಖಾಲಿ ಬಿಟ್ಟೆ.
ಕೆಳಗೆ, ಕೈರೂಢಿಗೆ,
ಮುಂದಿನ ಭೇಟಿ ಅನ್ನುವ ಕಡೆ
ಎಂಟು ತಿಂಗಳಾಚೆಯ ದಿನಾಂಕ ಬರೆದುಬಿಟ್ಟಿದ್ದೆ.